ವಿಕಿರಣಶೀಲತೆಯ ಪರೀಕ್ಷಾ ವರದಿಯನ್ನು ಓದುವ ಬಗೆ: ಗಡಿನಾಡಿನ ನೀರು, ಮಣ್ಣು ಮತ್ತು ಪ್ರಯೋಗಾಲಯ

ಕೊಳವೆಬಾವಿಯ ನೀರಿನ ಪರೀಕ್ಷಾ ವರದಿ ಹಳ್ಳಿಗೆ ಬಂದಾಗ ಅದು ಸಾಮಾನ್ಯವಾಗಿ ತಲುಪುವುದು ಶಾಲೆಯ ಮೇಷ್ಟ್ರ ಕೈಗೆ. ವರದಿ ಇಂಗ್ಲಿಷಿನಲ್ಲಿರುತ್ತದೆ. ಅದರ ಮೇಲಿನ ಪತ್ರ ತೆಲುಗಿನಲ್ಲೋ ಮಲಯಾಳದಲ್ಲೋ, ತಮಿಳು ಅಥವಾ ಮರಾಠಿಯಲ್ಲೋ ಇರುತ್ತದೆ. ಕನ್ನಡದಲ್ಲಿ ಮಾತ್ರ ಒಂದಕ್ಷರವೂ ಇರುವುದಿಲ್ಲ. ತಂದವರ ಪ್ರಶ್ನೆ ಒಂದೇ: "ಮೇಷ್ಟ್ರೇ, ಈ ನೀರು ಕುಡಿಯಬಹುದೋ ಬೇಡವೋ, ಅಷ್ಟು ಹೇಳಿ." ಫ್ಲೋರೈಡ್, ನೈಟ್ರೇಟ್, ಗಡಸುತನಗಳ ಸಾಲುಗಳನ್ನು ನಾವು ಹೇಗೋ ವಿವರಿಸುತ್ತೇವೆ. 'ಯುರೇನಿಯಂ', 'ಒಟ್ಟು ಆಲ್ಫಾ', 'ಪತ್ತೆ ಮಿತಿಗಿಂತ ಕಡಿಮೆ' ಎಂಬ ಸಾಲುಗಳು ಬಂದಾಗ ವಿಜ್ಞಾನ ಬೋಧಿಸುವ ನಾವೂ ತಡವರಿಸಿದ್ದುಂಟು. ಆ ಸಾಲುಗಳು ಹೇಗೆ ಹುಟ್ಟುತ್ತವೆ, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅವು ಯಾವ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂಬುದನ್ನು ನಮ್ಮ ಓದುಗರಿಗೆ ಕನ್ನಡದಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ.

ಇದು ನಮಗೆ ದೂರದ ವಿಷಯವಲ್ಲ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ ಸಂಶೋಧಕರು ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. 48 ಹಳ್ಳಿಗಳಲ್ಲಿ 60 ಮೈಕ್ರೋಗ್ರಾಂ ಮೀರಿತ್ತು. ಅಲ್ಲಿ ಗಣಿಯೂ ಕಾರಣವಲ್ಲ, ಸ್ಥಾವರವೂ ಕಾರಣವಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಸ್ವಾಭಾವಿಕವಾಗಿಯೇ ಇರುವ ಯುರೇನಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮೇಲ್ಪದರದ ನೀರು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಬಹುಕಾಲ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ನಮ್ಮ ಬಿಂದಿಗೆಗೆ ಬರುತ್ತದೆ. ಇದೇ ಶಿಲಾವಲಯ ತುಮಕೂರು, ಚಿತ್ರದುರ್ಗಗಳ ಗಡಿ ದಾಟಿ ಮಡಕಶಿರಾ, ರಾಯದುರ್ಗಗಳ ಕಡೆಗೂ ಹಬ್ಬಿದೆ. 1956ರಲ್ಲಿ ಎಳೆದ ಗೆರೆ ಬಂಡೆಗೆ ತಿಳಿಯದು. ಆದರೆ ಗೆರೆಯ ಆಚೆ ನಡೆದ ಅಧ್ಯಯನದ ಪಟ್ಟಿಯಲ್ಲಿ ಗೆರೆಯ ಈಚಿನ ಹಳ್ಳಿಗಳ ಹೆಸರಿಲ್ಲವೆಂಬ ಕಾರಣಕ್ಕೆ ನಮ್ಮ ನೀರು ಶುದ್ಧವೆಂದು ತಿಳಿಯಲಾಗದು.

ಪಶ್ಚಿಮದ ಕಡಲತಡಿಯಲ್ಲಿ ಕಥೆ ಬೇರೆ. ಮಂಜೇಶ್ವರದಿಂದ ಉತ್ತರಕ್ಕೆ ತುಸು ದೂರದ ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ಥೋರಿಯಂಯುಕ್ತ ಖನಿಜ ಸೇರಿರುವುದರಿಂದ ಅಲ್ಲಿ ನೈಸರ್ಗಿಕ ಹಿನ್ನೆಲೆ ವಿಕಿರಣ ಹೆಚ್ಚೆಂದು ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು 1990ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು. ಆ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಕಿರಣಶೀಲತೆಯ ಅಧ್ಯಯನಕ್ಕೆಂದೇ ಒಂದು ಉನ್ನತ ಸಂಶೋಧನ ಕೇಂದ್ರವಿದೆ. ಗೋವೆಯ ಗಡಿಗೆ ಹತ್ತಿರದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಿದ್ದು, ಅದರ ಸುತ್ತಣ ನೀರು, ಮಣ್ಣು, ಹಾಲು, ಮೀನುಗಳ ಮಾದರಿಗಳನ್ನು ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ನಿಯಮಿತವಾಗಿ ಪರೀಕ್ಷಿಸುತ್ತದೆ.

ಮೊದಲು ಮಾನಗಳ ಗೊಂದಲ ಬಿಡಿಸಿಕೊಳ್ಳೋಣ. ವರದಿಗಳಲ್ಲಿ ಮೂರು ಬಗೆಯ ಅಳತೆಗಳು ಬರುತ್ತವೆ. ಒಂದು ಸೆಕೆಂಡಿಗೆ ಒಂದು ಪರಮಾಣು ಬೀಜ ವಿಘಟನೆಯಾದರೆ ಅದು ಒಂದು ಬೆಕೆರೆಲ್. 1896ರಲ್ಲಿ ಯುರೇನಿಯಂ ಲವಣದಿಂದ ಕಿರಣಗಳು ಹೊಮ್ಮುವುದನ್ನು ಕಂಡ ಆನ್ರಿ ಬೆಕೆರೆಲ್ ಅವರ ಹೆಸರಿನ ಮಾನ ಇದು. ಮೈಕ್ರೋಗ್ರಾಂ ಎಂಬುದು ವಸ್ತುವಿನ ತೂಕ; ಅದು ವಿಘಟನೆಯನ್ನು ಎಣಿಸುವುದಿಲ್ಲ. ಸೀವರ್ಟ್ ಎಂಬುದು ದೇಹದ ಮೇಲಾಗಬಹುದಾದ ಪರಿಣಾಮದ ಅಂದಾಜು. ಅದನ್ನು ಬಾಟಲಿಯಲ್ಲಿ ಅಳೆಯಲಾಗದು, ಎಷ್ಟು ನೀರು ಕುಡಿದರು, ಎಷ್ಟು ವರ್ಷ ಕುಡಿದರು ಎಂಬ ಊಹೆಗಳೊಡನೆ ಲೆಕ್ಕ ಹಾಕಬೇಕು. ಬೆಕೆರೆಲ್ ಎಂದ ಮಾತ್ರಕ್ಕೆ ಬೆಚ್ಚಬೇಕಾಗಿಲ್ಲ. ನಮ್ಮೆಲ್ಲರ ದೇಹದಲ್ಲಿರುವ ಪೊಟ್ಯಾಸಿಯಂ-40 ಒಂದರಿಂದಲೇ ಪ್ರತಿ ಸೆಕೆಂಡಿಗೆ ಸುಮಾರು 4000 ವಿಘಟನೆಗಳು ನಡೆಯುತ್ತಿರುತ್ತವೆ.

ಪ್ರಯೋಗಾಲಯದ ಯಂತ್ರ ಎಷ್ಟು ಲಕ್ಷದ್ದೇ ಆಗಿರಲಿ, ಅದು ತನ್ನ ಮುಂದಿಟ್ಟ ಬಾಟಲಿಯ ವಿಷಯ ಮಾತ್ರ ಹೇಳಬಲ್ಲದು. ಬಾಟಲಿಯೊಳಗಿನದು ನಿಜವಾಗಿಯೂ ಬಾವಿಯ ನೀರೇ ಎಂಬುದನ್ನು ಖಚಿತಪಡಿಸುವುದು ಮಾದರಿ ತೆಗೆದವರ ಹೊಣೆ. ನಾವು ಕಂಡಂತೆ ಹೆಚ್ಚಿನ ವಿವಾದಗಳ ಬೇರು ಇಲ್ಲಿಯೇ ಇರುತ್ತದೆ. ಯಂತ್ರದಲ್ಲಿ ಇರುವುದು ಅಪರೂಪ. ಕೊಳವೆಬಾವಿಯ ಪಂಪನ್ನು ಮೊದಲು ಸಾಕಷ್ಟು ಹೊತ್ತು ಓಡಿಸಿ, ಕೊಳವೆಯೊಳಗೆ ನಿಂತಿದ್ದ ನೀರೆಲ್ಲ ಹೊರಹೋದ ಮೇಲೆ ಮಾದರಿ ತುಂಬಬೇಕು. ಮೇಲ್ತೊಟ್ಟಿಯ ನಲ್ಲಿಯಿಂದ ಹಿಡಿದ ನೀರು ತೊಟ್ಟಿಯ ಕಥೆ ಹೇಳುತ್ತದೆಯೇ ಹೊರತು ಬಾವಿಯದನ್ನಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು. ಕರಗಿದ ಯುರೇನಿಯಂ ಅಳೆಯುವುದಾದರೆ ನೀರನ್ನು 0.45 ಮೈಕ್ರಾನ್ ಜರಡಿಯಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಸೇರಿಸುತ್ತಾರೆ. ಆಮ್ಲ ಹಾಕದೆ ವಾರಗಟ್ಟಲೆ ಇಟ್ಟರೆ ಲೋಹದ ಅಂಶ ಬಾಟಲಿಯ ಗೋಡೆಗೆ ಅಂಟಿಕೊಂಡು ಸಂಖ್ಯೆ ಕಡಿಮೆ ಬರುತ್ತದೆ. ಟ್ರೀಷಿಯಂ ಪರೀಕ್ಷೆಗೆ ಇದಕ್ಕೆ ವಿರುದ್ಧ: ಆಮ್ಲ ಬೇಡ, ಗಾಜಿನ ಬಾಟಲಿಯನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ರೇಡಾನ್ ಅನಿಲಕ್ಕಾದರೆ ಒಂದು ಗುಳ್ಳೆಯೂ ಉಳಿಯಬಾರದು. ಅದರ ಅರ್ಧಾಯು 3.8 ದಿನವಾದ್ದರಿಂದ ಮಾದರಿ ಕಚೇರಿಯ ಮೂಲೆಯಲ್ಲಿ ಎರಡು ವಾರ ಕುಳಿತರೆ ಅಳೆಯಲು ಉಳಿಯುವುದು ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಮಣ್ಣಿನ ಮಾದರಿಯಲ್ಲಿ ಆಳವೇ ಮುಖ್ಯ. ಆಕಾಶದಿಂದ ಬಿದ್ದ ಸೀಸಿಯಂ-137 ಉಳುಮೆಯಾಗದ ನೆಲದಲ್ಲಿ ಬಹುಪಾಲು ಮೇಲಿನ ಕೆಲವು ಸೆಂಟಿಮೀಟರುಗಳಲ್ಲಿಯೇ ನಿಲ್ಲುತ್ತದೆ. ಒಬ್ಬರು 5 ಸೆಂಟಿಮೀಟರ್, ಇನ್ನೊಬ್ಬರು 30 ಸೆಂಟಿಮೀಟರ್ ಅಗೆದು ತಂದರೆ ಒಂದೇ ಜಾಗದ ಎರಡು ವರದಿಗಳು ಒಂದಕ್ಕೊಂದು ಹೊಂದುವುದಿಲ್ಲ, ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಮಣ್ಣನ್ನು ಸುಮಾರು 110 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿದು, ಒಣ ತೂಕದ ಪ್ರತಿ ಕಿಲೋಗ್ರಾಮಿಗೆ ಇಷ್ಟು ಬೆಕೆರೆಲ್ ಎಂದು ವರದಿ ಮಾಡುವುದು ಪದ್ಧತಿ. ಹಸಿ ತೂಕವೋ ಒಣ ತೂಕವೋ ಎಂದು ಬರೆಯದ ವರದಿಯನ್ನು ಮರಳಿ ಕೇಳಬೇಕು.

ಇನ್ನು ಪ್ರಯೋಗಾಲಯದ ಒಳಗೆ. ಗಾಮಾ ಕಿರಣ ಹೊಮ್ಮಿಸುವ ಧಾತುಗಳನ್ನು ಗುರುತಿಸುವುದು ಅತಿಶುದ್ಧ ಜರ್ಮೇನಿಯಂ ಶೋಧಕದ ಕೆಲಸ. ದ್ರವ ಸಾರಜನಕದಿಂದಲೋ ವಿದ್ಯುತ್ ಶೀತಕದಿಂದಲೋ ಅದನ್ನು ಬಹಳ ಕೆಳಗಿನ ಉಷ್ಣತೆಯಲ್ಲಿ ಇರಿಸಿ, ಸುತ್ತ ಸೀಸದ ದಪ್ಪ ಗೋಡೆ ಕಟ್ಟಿ, ಮಾದರಿಯನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಪೂರ್ತಿ ಎಣಿಸುತ್ತಾರೆ. ಪ್ರತಿ ವಿಕಿರಣಶೀಲ ಧಾತುವಿಗೂ ತನ್ನದೇ ಶಕ್ತಿಯ ಸಹಿ ಇರುತ್ತದೆ: ಸೀಸಿಯಂ-137ಕ್ಕೆ 662, ಪೊಟ್ಯಾಸಿಯಂ-40ಕ್ಕೆ 1461, ಥೋರಿಯಂ ಸರಣಿಯ ಕೊನೆಯ ಥ್ಯಾಲಿಯಂ-208ಕ್ಕೆ 2614 ಕಿಲೋ ಎಲೆಕ್ಟ್ರಾನ್ ವೋಲ್ಟ್. ರೇಡಿಯಂ-226ರ ನೇರ ಸಹಿ 186ರಲ್ಲಿ ಬೀಳುತ್ತದೆ. ಯುರೇನಿಯಂ-235 ಕೂಡ ಅಲ್ಲಿಯೇ ಬಂದು ಕೂರುವುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ ಸುಮಾರು ನಾಲ್ಕು ವಾರ ಇಟ್ಟು, ರೇಡಿಯಂನಿಂದ ಹುಟ್ಟಿದ ರೇಡಾನ್ ಮತ್ತು ಅದರ ಮಕ್ಕಳು ಸಮತೋಲಕ್ಕೆ ಬಂದ ಮೇಲೆ ಬಿಸ್ಮತ್-214ರ 609ರ ಸಹಿಯಿಂದ ಲೆಕ್ಕ ಹಾಕುತ್ತಾರೆ. ಮಣ್ಣಿನ ರೇಡಿಯಂ ವರದಿ ಮಾದರಿ ಕೊಟ್ಟ ಮೂರನೆಯ ದಿನವೇ ಕೈಗೆ ಬಂದರೆ ಸಂತೋಷಪಡುವ ಬದಲು ಯಾವ ವಿಧಾನದಿಂದ ಅಳೆದಿರಿ ಎಂದು ಕೇಳುವುದು ಒಳಿತು.

ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟದು. ಅದನ್ನು ಎಣಿಸಲು ರಾಸಾಯನಿಕವಾಗಿ ಯುರೇನಿಯಂ ಬೇರ್ಪಡಿಸಿ, ಲೋಹದ ಬಿಲ್ಲೆಯ ಮೇಲೆ ಅತಿ ತೆಳುವಾಗಿ ಲೇಪಿಸಿ, ನಿರ್ವಾತದಲ್ಲಿ ಇಡಬೇಕು. ಶ್ರಮದ ಕೆಲಸ ಇದು. ನಮ್ಮ ದೇಶದಲ್ಲಿ ನೀರಿನ ಯುರೇನಿಯಂ ಪರೀಕ್ಷೆ ಹೆಚ್ಚಾಗಿ ನಡೆಯುವುದು ಎಲ್‌ಇಡಿ ಫ್ಲೋರಿಮೀಟರ್ ಎಂಬ ಪುಟ್ಟ ಉಪಕರಣದಲ್ಲಿ: ನೀರಿಗೆ ಫಾಸ್ಫೇಟ್ ಮೂಲದ ದ್ರಾವಣ ಬೆರೆಸಿ ನೇರಳಾತೀತ ಬೆಳಕು ಬಿಟ್ಟರೆ ಯುರೇನಿಯಂ ಹಸಿರಾಗಿ ಮಿನುಗುತ್ತದೆ, ಮಿನುಗಿನ ಪ್ರಮಾಣವೇ ಅಳತೆ. ಇದು ವಿಘಟನೆಯನ್ನು ಎಣಿಸದು, ತೂಕ ಹೇಳುತ್ತದೆ. ಟ್ರೀಷಿಯಂನ ಬೀಟಾ ಕಣ ಎಷ್ಟು ದುರ್ಬಲವೆಂದರೆ ಮಾದರಿಯನ್ನೇ ಬೆಳಕು ಸೂಸುವ ದ್ರವದೊಂದಿಗೆ ಬೆರೆಸಿ ಕತ್ತಲೆಯಲ್ಲಿ ಎಣಿಸಬೇಕು. 2009ರ ನವೆಂಬರಿನಲ್ಲಿ ಕೈಗಾ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರೀಷಿಯಂಯುಕ್ತ ಭಾರಜಲ ಬೆರೆತ ಸಂಗತಿ ಬಯಲಾದದ್ದು ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ. 50ಕ್ಕೂ ಹೆಚ್ಚು ನೌಕರರ ದೇಹ ಸೇರಿದ್ದ ಆ ವಸ್ತುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಪರೀಕ್ಷೆಯ ವಾಡಿಕೆಯೊಂದು ಇರದಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಈಗ ವರದಿಯ ಅತ್ಯಂತ ಮೋಸಗೊಳಿಸುವ ಪದಕ್ಕೆ ಬರೋಣ. 'ಪತ್ತೆ ಮಿತಿಗಿಂತ ಕಡಿಮೆ' ಎಂದರೆ 'ಇಲ್ಲ' ಎಂದಲ್ಲ. ವಿಘಟನೆ ಆಕಸ್ಮಿಕವಾಗಿ ನಡೆಯುವುದರಿಂದ 100 ಎಣಿಕೆಯಲ್ಲಿ 10ರಷ್ಟು ಏರುಪೇರು ಸಹಜ. 10,000 ಎಣಿಕೆಯಲ್ಲಿ 100ರಷ್ಟು. ಮೊದಲನೆಯದರಲ್ಲಿ ಅದು ನೂರಕ್ಕೆ ಹತ್ತು, ಎರಡನೆಯದರಲ್ಲಿ ನೂರಕ್ಕೆ ಒಂದು. ಹಿನ್ನೆಲೆಯ ಎಣಿಕೆಯಿಂದ ಪತ್ತೆ ಮಿತಿಯನ್ನು ಹೇಗೆ ನಿರ್ಧರಿಸಬೇಕೆಂದು ಲಾಯ್ಡ್ ಕರಿ ಅವರು 1968ರಲ್ಲಿ ಸೂತ್ರವೊಂದನ್ನು ಕೊಟ್ಟರು. ಇಂದಿಗೂ ಪ್ರಯೋಗಾಲಯಗಳು ಅದನ್ನೇ ಅನುಸರಿಸುತ್ತವೆ: ಹಿನ್ನೆಲೆ ಎಣಿಕೆಯ ವರ್ಗಮೂಲವನ್ನು 4.65ರಿಂದ ಗುಣಿಸಿ 2.71 ಕೂಡಿಸುವುದು. ತರಗತಿಯ ಲೆಕ್ಕದಂತೆ ಒಂದು ಉದಾಹರಣೆ ನೋಡೋಣ. ಒಂದು ಲೀಟರ್ ನೀರಿನಲ್ಲಿ ಸೀಸಿಯಂ-137 ಹುಡುಕುತ್ತಿದ್ದೇವೆ. ಶೋಧಕದ ದಕ್ಷತೆ ನೂರಕ್ಕೆ 2, ಹಿನ್ನೆಲೆ 60,000 ಸೆಕೆಂಡಿಗೆ 400 ಎಣಿಕೆ ಎಂದಿರಲಿ. 60,000 ಸೆಕೆಂಡ್ ಎಣಿಸಿದರೆ ಪತ್ತೆ ಮಿತಿ ಲೀಟರಿಗೆ ಸುಮಾರು 0.09 ಬೆಕೆರೆಲ್. ಅದೇ ಯಂತ್ರ, ಅದೇ ನೀರು, ಆದರೆ ಎಣಿಸಿದ್ದು 1000 ಸೆಕೆಂಡ್ ಮಾತ್ರ ಎಂದಾದರೆ ಮಿತಿ ಸುಮಾರು 0.86 ಬೆಕೆರೆಲ್. ಲೀಟರಿಗೆ ಅರ್ಧ ಬೆಕೆರೆಲ್ ಇರುವ ನೀರು ಮೊದಲನೆಯ ವರದಿಯಲ್ಲಿ ಸಿಕ್ಕಿಬೀಳುತ್ತದೆ, ಎರಡನೆಯದರಲ್ಲಿ 'ಪತ್ತೆಯಾಗಿಲ್ಲ' ಎಂದು ಬರುತ್ತದೆ. ಯಾರೂ ಸುಳ್ಳು ಬರೆದಿಲ್ಲ. ಅವಸರದಲ್ಲಿ ನೋಡಿದ್ದಾರೆ ಅಷ್ಟೆ. ಆದ್ದರಿಂದ ಪತ್ತೆ ಮಿತಿ ಎಷ್ಟೆಂಬ ಸಂಖ್ಯೆಯನ್ನೂ ಎಣಿಕೆಯ ಅವಧಿಯನ್ನೂ ಬರೆಯದ 'ಪತ್ತೆಯಾಗಿಲ್ಲ' ಎಂಬ ಮಾತಿಗೆ ನಾವು ಬೆಲೆ ಕೊಡುವುದಿಲ್ಲ.

ಮಿತಿಗಳ ವಿಷಯದಲ್ಲಿಯೂ ಒಂದು ಗೋಜಲಿದೆ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಿಂದ ಹೇಳುತ್ತಿದೆ. ಅದಕ್ಕೆ ಮುಂಚೆ ಅದು 15 ಎನ್ನುತ್ತಿತ್ತು. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಭಾರತೀಯ ಮಾನಕ ಬ್ಯೂರೋ ಬಳಿಕ 30ನ್ನೇ ಒಪ್ಪಿಕೊಂಡಿದೆ. 45 ಮೈಕ್ರೋಗ್ರಾಂ ಇರುವ ನೀರು ಒಂದು ವರದಿಯಲ್ಲಿ 'ಮಿತಿಯೊಳಗೆ', ಇನ್ನೊಂದರಲ್ಲಿ 'ಮಿತಿ ಮೀರಿದೆ' ಎಂದಾಗುವುದು ಹೀಗೆ. 30ರ ಆಧಾರ ವಿಕಿರಣವಲ್ಲ, ಯುರೇನಿಯಂ ಭಾರಲೋಹವಾಗಿ ಮೂತ್ರಪಿಂಡಕ್ಕೆ ಮಾಡಬಹುದಾದ ಹಾನಿ. ಇದೇ ಕಾರಣದಿಂದ ಇನ್ನೊಂದು ವೈಚಿತ್ರ್ಯ ಹುಟ್ಟುತ್ತದೆ. ನೈಸರ್ಗಿಕ ಯುರೇನಿಯಂನ ಒಂದು ಮೈಕ್ರೋಗ್ರಾಂ ಸುಮಾರು 0.025 ಬೆಕೆರೆಲ್‌ಗೆ ಸಮ. ನಮ್ಮ ಮಾನಕದಲ್ಲಿ 'ಒಟ್ಟು ಆಲ್ಫಾ' ಮಿತಿ ಲೀಟರಿಗೆ 0.1 ಬೆಕೆರೆಲ್, ಕೇವಲ 4 ಮೈಕ್ರೋಗ್ರಾಂ ಯುರೇನಿಯಂ ಇದ್ದರೂ ಆ ಮಿತಿ ಮುಟ್ಟುತ್ತದೆ. ಹೀಗಾಗಿ ಒಂದೇ ಹಾಳೆಯಲ್ಲಿ ಯುರೇನಿಯಂ ಸಾಲು 'ಉತ್ತೀರ್ಣ', ಆಲ್ಫಾ ಸಾಲು 'ಅನುತ್ತೀರ್ಣ' ಎಂದಿರಬಹುದು. ಒಟ್ಟು ಆಲ್ಫಾ ಮೊದಲ ಸೋಸುವಿಕೆ ಮಾತ್ರ. ಅಲ್ಲಿ ಮೀರಿದರೆ ಯಾವ ಧಾತುವಿನಿಂದ ಮೀರಿತೆಂದು ಬಿಡಿಬಿಡಿಯಾಗಿ ನೋಡಬೇಕು, ಏಕೆಂದರೆ ಅದು ರೇಡಿಯಂನಿಂದ ಆಗಿದ್ದರೆ ಅಪಾಯದ ಅಳತೆಯೇ ಬದಲಾಗುತ್ತದೆ. ಮನೆಯವರಿಗೆ ಹೇಳಬೇಕಾದ ಮಾತೊಂದಿದೆ: ನೀರು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದದ್ದು ಗಾಢವಾಗುತ್ತದೆ. ಸುಸ್ಥಿತಿಯಲ್ಲಿರುವ ಆರ್‌ಒ ಘಟಕ ಅದರ ಬಹುಪಾಲನ್ನು ತೆಗೆಯುತ್ತದೆ. ಘಟಕ ಹೊರಬಿಡುವ ತ್ಯಾಜ್ಯ ನೀರನ್ನು ದನಗಳ ತೊಟ್ಟಿಗೆ ಬಿಡಬಾರದು.

ಇರುವ ವಿಕಿರಣ ನಿಸರ್ಗದ್ದೋ ಮನುಷ್ಯನದೋ ಎಂಬುದು ಅತ್ಯಂತ ಕಠಿಣ ಪ್ರಶ್ನೆ. 1986ರ ಏಪ್ರಿಲ್ 28ರಂದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಪಾದರಕ್ಷೆಗೆ ಅಲಾರಂ ಹೊಡೆದುಕೊಂಡಿತು. ಸೋರಿಕೆ ತಮ್ಮಲ್ಲೇ ಎಂದುಕೊಂಡವರಿಗೆ ಮಾದರಿಗಳ ವಿಶ್ಲೇಷಣೆ ಬೇರೆಯದನ್ನೇ ಹೇಳಿತು. ಮೂಲ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಚೆರ್ನೋಬಿಲ್ ಆಗಿತ್ತು. ಸೀಸಿಯಂ-137ರ ಜೊತೆ ಸೀಸಿಯಂ-134 ಇದ್ದರೆ ಅದು ರಿಯಾಕ್ಟರಿನದು, ಬಾಂಬಿನದಲ್ಲ, ಏಕೆಂದರೆ 134 ರೂಪುಗೊಳ್ಳಲು ಇಂಧನ ತಿಂಗಳುಗಟ್ಟಲೆ ಒಲೆಯಲ್ಲಿರಬೇಕು. ಅದರ ಅರ್ಧಾಯು ಎರಡೇ ವರ್ಷವಾದ್ದರಿಂದ ಅದು ಸಿಕ್ಕರೆ ಸೋರಿಕೆ ಹೊಸದು. ವಯನಾಡಿನಲ್ಲಿಯೋ ನೀಲಗಿರಿಯಲ್ಲಿಯೋ ಅಗೆಯದ ಕಾಡಿನ ಮಣ್ಣಿನಲ್ಲಿ ಸ್ವಲ್ಪ ಸೀಸಿಯಂ-137 ಮಾತ್ರ ಕಂಡರೆ ಗಾಬರಿ ಬೇಡ; 1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳ ಧೂಳು ಭೂಮಿಯ ಎಲ್ಲೆಡೆ ಮಳೆಯೊಡನೆ ಇಳಿದಿದೆ.

ಯುರೇನಿಯಂಗೆ ಅಂಥ ಸುಲಭದ ಗುರುತಿಲ್ಲ. ಗಣಿಯ ಗಿರಣಿ ಅದಿರಿನಿಂದ ಯುರೇನಿಯಂ ತೆಗೆದುಕೊಂಡು ರೇಡಿಯಂ ಅನ್ನು ಶೇಷದಲ್ಲಿ ಬಿಡುತ್ತದೆ. ಮಣ್ಣಿನಲ್ಲಿ ಯುರೇನಿಯಂಗೆ ಹೋಲಿಸಿದರೆ ರೇಡಿಯಂ ವಿಪರೀತ ಹೆಚ್ಚಿದ್ದರೆ ಶೇಷ ಅಲ್ಲಿಗೆ ತಲುಪಿದೆಯೆಂದು ಅನುಮಾನಿಸಬಹುದು. ನೀರಿನಲ್ಲಿ ಹಾಗೆ ಹೇಳಲು ಬಾರದು, ಅಲ್ಲಿ ಎರಡೂ ಬೇರೆ ಬೇರೆಯಾಗಿ ಕರಗುತ್ತವೆ. ಕಡಪ ಸೀಮೆಯ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಗಿರಣಿಯ ಶೇಷದ ಕೊಳದಿಂದ ತಮ್ಮ ಕೊಳವೆಬಾವಿಗಳು ಕೆಟ್ಟವೆಂದು ಸುತ್ತಲಿನ ಹಳ್ಳಿಗರು ವರ್ಷಗಳಿಂದ ಹೇಳುತ್ತಿದ್ದಾರೆ. ನೆಲದಲ್ಲಿಯೇ ಯುರೇನಿಯಂ ಇರುವ ಕಡೆ 'ಇದು ಮೊದಲಿಂದಲೂ ಹೀಗೆಯೇ ಇತ್ತು' ಎಂಬ ವಾದವನ್ನು ಒಪ್ಪಲಿಕ್ಕಾಗಲಿ ತಳ್ಳಲಿಕ್ಕಾಗಲಿ ಬೇಕಾದದ್ದು ಒಂದೇ: ಕೆಲಸ ಆರಂಭವಾಗುವ ಮೊದಲಿನ, ಹಳ್ಳಿಯವರ ಕೈಯಲ್ಲಿಯೂ ಪ್ರತಿಯಿರುವ ಮಾದರಿ ವರದಿ. ಆದೋನಿಯೂ ಸೇರಿರುವ ಕರ್ನೂಲು ಜಿಲ್ಲೆಯ ಕಪ್ಪಟ್ರಾಳ್ಳ ಅರಣ್ಯದಲ್ಲಿ ಯುರೇನಿಯಂ ಶೋಧಕ್ಕೆ ಕೊಳವೆ ಕೊರೆಯುವ ಪ್ರಸ್ತಾವವನ್ನು 2024ರ ನವೆಂಬರಿನಲ್ಲಿ ಊರವರು ರಸ್ತೆಗಿಳಿದು ವಿರೋಧಿಸಿದರು. ಸರ್ಕಾರ ಹಿಂದೆ ಸರಿಯಿತು. ಪ್ರಸ್ತಾವ ಮುಂದೆ ಮರಳಿ ಬಂದರೂ ಬರದಿದ್ದರೂ ಸುತ್ತಲಿನ ಹಳ್ಳಿಗಳ ಬಾವಿಗಳ ಇಂದಿನ ಅಳತೆ ಇಂದೇ ದಾಖಲಾಗಬೇಕೆಂಬುದು ನಮ್ಮ ಅಭಿಪ್ರಾಯ. ನಾಳೆ ಅಳೆದರೆ ಸಿಗುವುದು ನಾಳೆಯ ನೀರು.

ವರದಿ ಕೇಳುವ ಹಕ್ಕಿನ ಬಗ್ಗೆ ಎರಡು ಮಾತು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 'ಮಾಹಿತಿ ಹಕ್ಕು' ಎಂಬುದರ ವ್ಯಾಖ್ಯೆಯೊಳಗೆ ವಸ್ತುಗಳ ಪ್ರಮಾಣೀಕೃತ ಮಾದರಿ ಪಡೆಯುವುದೂ ಸೇರಿದೆ. ಇದನ್ನು ಬಳಸುವವರು ವಿರಳ. ಆ ಕಾಯಿದೆಯ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕೆಂಬ ನಿಯಮದಿಂದ ಗಡಿಯ ಕನ್ನಡಿಗರು ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ. ಆದರೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಕಾಸರಗೋಡಿನವರ ಸ್ಥಿತಿ ಕಾಗದದ ಮೇಲಾದರೂ ಇನ್ನೂ ಉತ್ತಮ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಇತ್ತಿದೆ.

ಮನವಿಯಲ್ಲಿ ಕೇಳಬೇಕಾದವು ಇವು: ಮಾದರಿ ತೆಗೆದ ದಿನ, ಸ್ಥಳ, ಬಾವಿಯ ಆಳ, ಪಂಪು ಎಷ್ಟು ಹೊತ್ತು ಓಡಿತ್ತು, ಪರೀಕ್ಷಾ ವಿಧಾನ, ಎಣಿಕೆಯ ಅವಧಿ, ಪತ್ತೆ ಮಿತಿ, ಪ್ರತಿ ಸಂಖ್ಯೆಯ ಪಕ್ಕದ ± ಅಂಕಿ, ಪ್ರಯೋಗಾಲಯಕ್ಕೆ ಆ ನಿರ್ದಿಷ್ಟ ಪರೀಕ್ಷೆಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದು. ಮಾದರಿ ತೆಗೆಯುವಾಗ ಎದುರಿಗಿದ್ದು ಅದೇ ನೀರಿನ ಇನ್ನೊಂದು ಬಾಟಲಿಯನ್ನು ಅದೇ ರೀತಿ ಆಮ್ಲ ಹಾಕಿಸಿ, ಮೊಹರು ಮಾಡಿಸಿ, ಇಬ್ಬರ ಸಹಿಯೊಂದಿಗೆ ಪಂಚಾಯಿತಿಯಲ್ಲಿ ಇರಿಸಿಕೊಳ್ಳಬೇಕು. ಯುರೇನಿಯಂ ಅಂಥ ಬಾಟಲಿಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಮೊದಲ ವರದಿಯ ಬಗ್ಗೆ ತಕರಾರು ಬಂದ ದಿನ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಲು ಅದು ಬೇಕಾಗುತ್ತದೆ.